ಕಡಿಗಿ ಹೋದ ಅತ್ತೆ

ನಮ್ಮ ನೂತನಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಅಭಿಜಿತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸುಳ್ಳು. ನನ್ನ ಸಿಟ್ಟು ಇರುವುದು ತುಟಿಯ ಮೇಲೆ. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ನಾನು ಗೊಣಗಿ ಮುಗಿಸುತ್ತೇನೆ. ಗೊಣಗಿದ ಮೇಲೆ ಎದೆ ಹಗುರಾಗಿ ಮುಂದಿನ ಕೆಲಸಕ್ಕೆ ಹೋಗುತ್ತೇನೆ. ಮದುವೆಯಾಗಿ ಗಡಹಿಂಗ್ಲಜದಿಂದ ಇಚಲಕರಂಜಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಆ ಮನೆಯಲ್ಲಿ ಒಂದು ದೊಡ್ಡ ಜಗಳ ಆಗಿಲ್ಲವೆಂದರೆ ಅದಕ್ಕೆ ಈ ಗೊಣಗಾಟವೇ ಕಾರಣ ಎಂದು ನಾನು ತಿಳಿದುಕೊಂಡಿದ್ದೆ.

ಗೊಣಗುವುದಕ್ಕೆ ನಮ್ಮ ಮನೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಕೆಳಗೆ ಹದಿನಾರು ಪವರ್‌ಲೂಮ್, ಮೇಲೆ ನಾವು. ಮಗ್ಗ ಶುರುವಾದರೆ ಅಡುಗೆಮನೆಯ ತಾಟು ಲೋಟಗಳೆಲ್ಲ ನಡುಗುತ್ತವೆ. ನನ್ನ ಅತ್ತೆ ಮಾಣಿಕಬಾಯಿ ಹದಿನೆಂಟನೆಯ ವಯಸ್ಸಿಗೆ ನಾಂದಣಿಯಿಂದ ಸೊಸೆಯಾಗಿ ಬಂದು, ಆ ಸಪ್ಪಳದ ನಡುವೆ ನಲವತ್ತು ವರ್ಷ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವರು. ಈಗ ಅವರಿಗೆ ಅರವತ್ತೊಂಬತ್ತು. ಎರಡೂ ಕಿವಿ ಮಗ್ಗಕ್ಕೆ ಹೋದವು. ಅಭಿಜಿತ ಕೊಲ್ಹಾಪುರದಿಂದ ಕಿವಿಗೆ ಹಾಕುವ ಯಂತ್ರ ತಂದುಕೊಟ್ಟ. ಅದನ್ನು ಅವರು ಎರಡು ದಿನ ಹಾಕಿಕೊಂಡು, ದೇವರ ಮನೆಯ ಕುಂಕುಮದ ಭರಣಿಯ ಪಕ್ಕ ಡಬ್ಬಿಯಲ್ಲಿಟ್ಟು ಮರೆತರು. ಹೀಗಾಗಿ ಅವರಿಗೆ ತಿಳಿಯಬೇಕಾದದ್ದನ್ನು ನಾನು ಒದರಿ ಹೇಳುತ್ತಿದ್ದೆ, ತಿಳಿಯಬಾರದ್ದನ್ನು ಅವರ ಎದುರಿಗೇ ನಿಂತು ಗೊಣಗುತ್ತಿದ್ದೆ. ಅವರು ನನ್ನ ಮುಖ ನೋಡುತ್ತ ಸುಮ್ಮನೆ ಕೂತಿರುತ್ತಿದ್ದರು. ನಾನು ಸಾರಿಗೆ ಉಪ್ಪು ಹಾಕುತ್ತ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದೆ.

ನನ್ನ ಮಗಳು ಮನಾಲಿ ಕೊಲ್ಹಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ಅವಳ ಪ್ರಾಧ್ಯಾಪಕರು ಸಿದ್ದಾರೂಢ ಸರ್, ನನ್ನ ತವರೂರಿನವರೇ. ಪ್ರತಿ ವರ್ಷ ಭಾದ್ರಪದದಲ್ಲಿ ಅವರು ಒಂದು ಭಾನುವಾರ ಹುಡುಗರನ್ನೂ ಅವರ ಮನೆಯವರನ್ನೂ ಕಟ್ಟಿಕೊಂಡು ಪನ್ಹಾಳಾದ ಆಚೆಗಿನ ಮಸಾಯಿ ಪಠಾರಕ್ಕೆ ಹೂವು ತೋರಿಸಲು ಹೋಗುತ್ತಾರೆ. ಪಠಾರವೆಂದರೆ ಬೆಟ್ಟದ ನೆತ್ತಿಯ ಮೇಲಿನ ಬಯಲು. ಉದ್ದಕ್ಕೆ ಮೈಲಿಗಟ್ಟಲೆ ನಡೆಯಬಹುದು, ಆದರೆ ಅಡ್ಡಕ್ಕೆ ಹೋದರೆ ಎರಡೂ ಬದಿಗೆ ನೆಲ ಥಟ್ಟನೆ ಮುಗಿದುಬಿಡುತ್ತದೆ. ಈ ಸಲ ಮನಾಲಿ ನನ್ನನ್ನು ಕರೆದಳು. ಹೊರಡುವ ಹಿಂದಿನ ದಿನ ಅತ್ತೆಯವರು ತಾವೂ ಬರುತ್ತೇನೆಂದು ಹಟ ಹಿಡಿದರು.

ನನಗೆ ಸಿಟ್ಟು ಬಂದದ್ದು ಅವರ ವಯಸ್ಸಿಗಲ್ಲ. ನಮ್ಮ ಅತ್ತೆ ಮಗ್ಗದ ಮನೆಯ ಮೆಟ್ಟಿಲನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವವರು, ನನಗಿಂತ ಗಟ್ಟಿ. ಸಿಟ್ಟು ಬಂದದ್ದು ಅವರ ನೇಮಕ್ಕೆ. ಆಷಾಢದಲ್ಲಿ ಅವರು ನಾಂದಣಿಯ ಜೈನ ಮಠಕ್ಕೆ ಹೋಗಿ, ಚಾತುರ್ಮಾಸ ಮುಗಿಯುವ ತನಕ ಹಸಿರು ತುಳಿಯುವುದಿಲ್ಲ ಎಂದು ನೇಮ ಹಿಡಿದು ಬಂದಿದ್ದರು. ಹುಲ್ಲಿನಲ್ಲಿ ಎಷ್ಟೋ ಜೀವ ಇರುತ್ತವೆ, ಹುಲ್ಲೂ ಜೀವವೇ, ಆದ್ದರಿಂದ ಕಾಲಿಡಬಾರದು. ಇಚಲಕರಂಜಿಯಲ್ಲಿ ಇದೇನೂ ತೊಂದರೆಯಲ್ಲ, ಅಲ್ಲಿ ತುಳಿಯಬೇಕೆಂದರೂ ಹಸಿರು ಸಿಗುವುದಿಲ್ಲ. ಆದರೆ ಹೂವಿನ ಬಯಲಿಗೆ ಹೋಗಿ ಹಸಿರು ತುಳಿಯುವುದಿಲ್ಲ ಎಂದರೆ ಏನು ಮಾಡುವುದು? ಒದರಿ ಕೇಳಿದೆ. ಕಲ್ಲಿನ ಮೇಲೆ ನಡೆಯುತ್ತೇನೆ, ಬೆಟ್ಟವೆಂದ ಮೇಲೆ ಕಲ್ಲು ಇರಲೇಬೇಕಲ್ಲ ಎಂದರು. ಗೊಣಗಿಕೊಂಡು ಅವರ ಕಾಯಿಸಿದ ನೀರಿನ ಬಾಟಲಿ ತುಂಬಿದೆ.

ಬೆಳಿಗ್ಗೆ ಆರರ ಬಸ್ಸಿಗೆ ಕೊಲ್ಹಾಪುರ, ಅಲ್ಲಿಂದ ಕಾಲೇಜಿನವರ ಗಾಡಿ. ಒಟ್ಟು ಹದಿನೆಂಟು ಜನ. ಮಧ್ಯಾಹ್ನದ ಹೊತ್ತಿಗೆ ಪಠಾರದ ಮೇಲಿದ್ದೆವು. ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಅದನ್ನು ನೋಡಿ ನಾನು ಗೊಣಗುವುದನ್ನೂ ಮರೆತೆ. ಕಣ್ಣು ಹೋದಷ್ಟು ದೂರ ಹಳದಿ ಹೂವು, ಸೋನಕಿ ಎನ್ನುತ್ತಾರಂತೆ. ತಗ್ಗಿನಲ್ಲೆಲ್ಲ ಗುಲಾಬಿ ಬಣ್ಣದ ತೇರಡಾ. ಗೌರಿ ಹಬ್ಬಕ್ಕೆ ನಾವು ಪೇಟೆಯಲ್ಲಿ ಚೌಕಾಸಿ ಮಾಡಿ ಒಂದು ಹಿಡಿ ಕೊಂಡು ತರುವ ಹೂವು ಅಲ್ಲಿ ಯಾರ ಹಂಗೂ ಇಲ್ಲದೆ ಎಕರೆಗಟ್ಟಲೆ ನಿಂತಿತ್ತು. ನಡುನಡುವೆ ಕಪ್ಪು ಬಂಡೆಯ ಪಟ್ಟಿಗಳು. ಬಂಡೆಯ ಮೇಲೆ ನೀರು ನಿಂತಲ್ಲಿ ಸಾಸಿವೆಯಷ್ಟೇ ದೊಡ್ಡ ನೀಲಿ ಹೂವು. ಅದಕ್ಕೆ ಮರಾಠಿಯಲ್ಲಿ ಸೀತೆಯ ಕಣ್ಣೀರು ಎನ್ನುತ್ತಾರೆಂದು ಸಿದ್ದಾರೂಢ ಸರ್ ಹೇಳಿದರು.

ಎಲ್ಲರೂ ಕಾಲುದಾರಿಯಲ್ಲಿ ನಡೆದರು. ಕಾಲುದಾರಿಯಲ್ಲೂ ಹುಲ್ಲು ಇತ್ತು. ಅತ್ತೆ ದಾರಿ ಬಿಟ್ಟು ಬಂಡೆ ಹಿಡಿದರು. ಒಂದು ಬಂಡೆ ಮುಗಿದರೆ ನಿಂತು ಮುಂದಿನದನ್ನು ಹುಡುಕುವುದು, ಬಿಳಿ ಸೀರೆ ಎತ್ತಿ ಹಿಡಿದು ಅತ್ತ ದಾಟುವುದು. ನಾವು ಹತ್ತು ಹೆಜ್ಜೆ ಹೋಗಿ ನಿಲ್ಲುವುದು, ಅವರಿಗಾಗಿ ಕಾಯುವುದು, ಮತ್ತೆ ಹತ್ತು ಹೆಜ್ಜೆ. ಸಿದ್ದಾರೂಢ ಸರ್ ಒಳ್ಳೆಯವರು, ಆತುರವೇನಿಲ್ಲ ಎನ್ನುತ್ತಿದ್ದರು. ಆದರೆ ಉಳಿದವರು ವಾಚು ನೋಡಿಕೊಳ್ಳುವುದು ನನಗೆ ಕಾಣುತ್ತಿತ್ತು. ನಮ್ಮಿಂದ ಹದಿನಾರು ಜನರ ದಿನ ಹಾಳಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು, ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಅತ್ತೆ ಒಂದು ಬಂಡೆಯ ತುದಿಯಲ್ಲಿ ನಿಂತು ನನ್ನತ್ತ ನೋಡುತ್ತಿದ್ದರು. ನಾನು ಎಂದಿನಂತೆ ಗೊಣಗಿದೆ.

"ಎಲ್ಲಾರ ಕಾಲಾಗ ಅಡ್ಡ ಬರೂದಕ್ಕಿಂತ ಕಡಿಗಿ ಹೋಗಿ ಕುಂಡ್ರಬಾರದ ಈ ಮುದುಕಿ."

ಗೊಣಗಿ ಹಗುರಾಗಿ ಮನಾಲಿಯ ಕಡೆ ತಿರುಗಿದೆ. ಅವಳು ಯಾವುದೋ ಹೂವಿನ ಮುಂದೆ ಮಂಡಿಯೂರಿ ಫೋಟೋ ತೆಗೆಯುತ್ತಿದ್ದಳು, ನನ್ನನ್ನೂ ಪಕ್ಕ ಕೂಡಿಸಿಕೊಂಡಳು. ಹತ್ತು ನಿಮಿಷವಾಯಿತೋ ಹದಿನೈದೋ, ತಣ್ಣಗಿನದೇನೋ ಕತ್ತಿಗೆ ತಾಗಿದಂತಾಗಿ ತಲೆ ಎತ್ತಿದರೆ ಬಯಲೇ ಇರಲಿಲ್ಲ. ಕಣಿವೆಯಿಂದ ಮಂಜು ಎದ್ದು ಬಂದು ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಇಪ್ಪತ್ತು ಮಾರು ದೂರದವರು ಬರಿಯ ದನಿಯಾಗಿದ್ದರು. ಅತ್ತೆ ನಿಂತಿದ್ದ ಬಂಡೆಯ ಹತ್ತಿರ ಹೋದೆ. ಬಂಡೆ ಖಾಲಿ.

ಸರ್ ಎಲ್ಲರನ್ನೂ ಒಂದೆಡೆ ನಿಲ್ಲಿಸಿ ಎಣಿಸಿದರು. ಹದಿನೇಳು. ಹುಡುಗರು ಆಜೀ ಆಜೀ ಎಂದು ಕೂಗತೊಡಗಿದರು. ಎಷ್ಟು ಕೂಗಿದರೆ ಏನು, ಆ ಕಿವಿಗೆ ಹದಿನಾರು ಮಗ್ಗವೂ ಕೇಳಿಸುವುದಿಲ್ಲ. ಮಂಜಿನಲ್ಲಿ ಅವರಿಗೆ ಕಾಣುವುದಿಲ್ಲ, ನಮ್ಮ ಕೂಗು ಮುಟ್ಟುವುದಿಲ್ಲ, ಅಡ್ಡಕ್ಕೆ ಹೋಗುತ್ತಲೇ ಇದ್ದರೆ ನೆಲ ಮುಗಿಯುತ್ತದೆ. ಅಭಿಜಿತನಿಗೆ ಏನೆಂದು ಫೋನು ಮಾಡಲಿ?

ಅಷ್ಟರಲ್ಲಿ ಮಂಜಿನೊಳಗಿಂದ ಎಮ್ಮೆಗಳು ಬಂದವು, ಹಿಂದೆ ಅವನ್ನು ಮೇಯಿಸುವ ಒಬ್ಬ ಹೆಂಗಸು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಬಿಳಿ ಸೀರೆಯ ಮುದುಕಿಯನ್ನು ನೋಡಿದೆಯಾ ಎಂದು ಸರ್ ಮರಾಠಿಯಲ್ಲಿ ಕೇಳಿದರು. ನೋಡಿದ್ದಳು. ಎಲ್ಲಿಗೆ ಹೊರಟೆ ಆಜಿ ಎಂದು ಮಾತನಾಡಿಸಿಯೂ ಇದ್ದಳು.

"ಸುನೇನಂ ಸಾಂಗಿತ್ಲಂ ಮ್ಹಣೇ, ಕಡ್ಯಾಕಡಂ ಜಾ."

ಸೊಸೆ ಹೇಳಿದ್ದಾಳಂತೆ, ಕಡಾದತ್ತ ಹೋಗು ಎಂದು. ಮರಾಠಿಯ ಕಡಾ ಎಂದರೆ ಬೆಟ್ಟದ ಅಂಚು, ಪ್ರಪಾತ. ಹದಿನಾರು ಜನ ತಿರುಗಿ ನನ್ನ ಮುಖ ನೋಡಿದರು. ಆ ಹೆಂಗಸೂ ಸೊಸೆ ಯಾರೆಂದು ಗುರುತು ಹಿಡಿದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹುಡುಗರು ಅಂಚಿನ ಕಡೆ ಓಡಿದರು. ಸರ್ ಹಿಂದಿನಿಂದ, ನಿಧಾನ, ಕೈ ಹಿಡಿದುಕೊಂಡು ಹೋಗಿ ಎಂದು ಕೂಗುತ್ತಿದ್ದರು. ನಾನು ಹುಲ್ಲಿನ ಮೇಲೆ ಕುಸಿದು ಕೂತೆ. ಅತ್ತೆಗೆ ನಾನು ಹಾಗೆ ಹೇಳಿಲ್ಲ, ದೇವರಾಣೆ ಹೇಳಿಲ್ಲ ಎಂದು ಮನಾಲಿಯ ಕೈ ಹಿಡಿದು ಗೋಳಾಡಿದೆ.

ಹೇಳಿಲ್ಲ ಎಂದು ಮೂರನೆಯ ಸಲ ಅನ್ನುವಾಗ ನನ್ನ ನಾಲಿಗೆ ಅಲ್ಲೇ ನಿಂತಿತು. ಹೇಳಿರಲಿಲ್ಲ, ನಿಜ. ಗೊಣಗಿದ್ದೆ. ಎದ್ದು ಎಮ್ಮೆಯವಳ ಹತ್ತಿರ ಹೋಗಿ, ಆಜಿ ಯಾವ ಮಾತು ಅಂದಳು, ಅವಳ ಬಾಯಿಂದ ಬಂದದ್ದನ್ನೇ ಹೇಳು ಎಂದು ಕೇಳಿದೆ. ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿತ್ತು. ಅದೇ, ಕಡಿಗಿ, ಕಡಿಗಿ ಜಾ ಅಂದಿದ್ದಾಳಂತೆ ಸೊಸೆ ಎಂದಳು.

ಕಡಿಗಿ. ಮರಾಠಿ ವಾಕ್ಯದ ನಡುವೆ ಆ ಒಂದು ಮಾತನ್ನು ಅತ್ತೆ ನನ್ನ ಬಾಯಿಂದ ಬಂದಂತೆಯೇ ಕನ್ನಡದಲ್ಲಿ ಆಡಿದ್ದರು, ಎಮ್ಮೆಯವಳು ಅದನ್ನು ಕಡಾ ಎಂದು ತಿಳಿದಿದ್ದಳು. ನಮ್ಮ ಕನ್ನಡದಲ್ಲಿ ಕಡಿಗಿ ಎಂದರೆ ಬದಿಗೆ, ಪಕ್ಕಕ್ಕೆ. ದಾರಿಯಲ್ಲಿ ಅಡ್ಡ ನಿಂತ ಮಗುವಿಗೆ ಕಡಿಗಿ ಸರಿ ಅನ್ನುವುದಿಲ್ಲವೇ, ಹಾಗೆ. ಅತ್ತೆ ಪ್ರಪಾತಕ್ಕೆ ಹೋಗಿರಲಿಲ್ಲ, ನಮ್ಮ ಕಾಲಿಗೆ ಅಡ್ಡ ಬರಬಾರದೆಂದು ಬದಿಗೆ ಹೋಗಿ ಕೂತಿದ್ದರು. ಎದೆಯ ಮೇಲಿನ ಅರ್ಧ ಭಾರ ಇಳಿಯಿತು. ನನ್ನ ಗೊಣಗು ಅವರಿಗೆ ಮುಟ್ಟಿದ್ದು ಹೇಗೆ ಎಂಬುದನ್ನು ಯೋಚಿಸಲು ಆಗ ಪುರುಸೊತ್ತಿರಲಿಲ್ಲ.

ಬದಿಗೆ ಎಂದರೆ ಯಾವ ಬದಿಗೆ? ಸರ್ ಎಡಕ್ಕೂ ಬಲಕ್ಕೂ ಸಾಲಾಗಿ ನಿಂತು ಹುಡುಕೋಣ ಎಂದರು. ನಾನು ಬೇಡವೆಂದೆ.

"ಸರ, ಅವರು ಹಸರ ತುಳಿಯಂಗಿಲ್ರಿ. ಕಲ್ಲು ಎಲ್ಲಿಗಿ ಹೋಗೇತಿ, ಅವರೂ ಅಲ್ಲೇ ಹೋಗ್ಯಾರ."

ಅತ್ತೆ ನಿಂತಿದ್ದ ಬಂಡೆಯ ಮೇಲೆ ಮೂವರೂ ಹತ್ತಿದೆವು, ನಾನು, ಸರ್, ಮನಾಲಿ. ಬಂಡೆ ಎಡಕ್ಕೆ ಪಟ್ಟಿಯಾಗಿ ಹೋಗಿತ್ತು. ಸರ್ ಅವಸರಕ್ಕೆ ಅಡ್ಡ ಹಾಯಲು ಹುಲ್ಲಿಗೆ ಕಾಲಿಟ್ಟರು, ನಾನು ಗದರಿಸಿಬಿಟ್ಟೆ. ಪ್ರಾಧ್ಯಾಪಕರು ಎಂಬ ಗೌರವವೂ ಉಳಿಯಲಿಲ್ಲ ನೋಡಿ. ಕಲ್ಲು ಬಿಟ್ಟರೆ ನಮಗೆ ಅತ್ತೆಯ ಹಾದಿ ತಪ್ಪುತ್ತಿತ್ತು. ನಾನು ಅತ್ತೆಯಾಗಿ ನಡೆಯಬೇಕಿತ್ತು. ಬಂಡೆ ಮುಗಿದಲ್ಲಿ ಎರಡು ಕಲ್ಲುಗಳು ಕಂಡವು. ಒಂದು ಹತ್ತಿರ, ಸಪಾಟು, ಸುಲಭ. ಇನ್ನೊಂದು ಸ್ವಲ್ಪ ದೂರ. ಹತ್ತಿರದ ಕಲ್ಲಿನ ತುಂಬ ಆ ಸಾಸಿವೆಯಷ್ಟಗಲದ ನೀಲಿ ಹೂವು. ಅತ್ತೆ ಅವುಗಳ ಮೇಲೆ ಕಾಲಿಡುವುದು ಸಾಧ್ಯವೇ ಇಲ್ಲ. ದೂರದ ಕಲ್ಲಿಗೆ ದಾಟಿದೆವು.

ಅಲ್ಲಿ ಅವರ ಕೊಲ್ಹಾಪುರಿ ಚಪ್ಪಲಿ ಇತ್ತು. ಎರಡನ್ನೂ ಜೋಡಿಸಿ ನೆಟ್ಟಗೆ ಇಟ್ಟಿದ್ದರು, ಬಸದಿಯ ಬಾಗಿಲಲ್ಲಿ ಇಟ್ಟಂತೆ. ಚಪ್ಪಲಿ ಬಿಟ್ಟು ಹೋದವರ ಸುದ್ದಿ ನಾವು ಪೇಪರಿನಲ್ಲಿ ಎಷ್ಟು ಓದಿಲ್ಲ. ಮನಾಲಿ ಮುಂದೆ ಬಾಗಿ ನೋಡಿ, ಮುಂದಿನ ಕಲ್ಲು ಅಂಗೈಯಗಲ ಅಷ್ಟೇ ಇದೆ, ಆಜಿ ಬೆರಳೂರಿ ದಾಟಲು ಚಪ್ಪಲಿ ಬಿಚ್ಚಿದ್ದಾಳೆ ಎಂದಳು. ನಾನೂ ನನ್ನದನ್ನು ಬಿಚ್ಚಿದೆ. ಐವತ್ತರ ಹತ್ತಿರ ಬಂದ ಹೆಂಗಸು, ತೂಕವನ್ನು ಹೇಳುವುದಿಲ್ಲ, ಒಂಟಿ ಕಾಲಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರಿದೆ. ಎಷ್ಟು ಹಾರಿದೆನೋ ಗೊತ್ತಿಲ್ಲ. ಪ್ರತಿ ಸಲವೂ ಮುಂದಿನ ಕಲ್ಲು ಮಂಜಿನಲ್ಲಿ ಇದ್ದೇ ಇರುತ್ತಿತ್ತು.

ಕೊನೆಯದು ದೊಡ್ಡ ಬಂಡೆ, ನಮ್ಮ ಮಗ್ಗದ ಮನೆಯ ಅಂಗಳದಷ್ಟು. ಅದರ ನಡುವೆ ಬಿಳಿ ಸೀರೆ. ನಮಗೆ ಬೆನ್ನು ಮಾಡಿ, ಕಾಲು ಚಾಚಿ, ಸೆರಗು ಕಿವಿಯ ಮೇಲೆ ಎಳೆದುಕೊಂಡು ಅತ್ತೆ ಕೂತಿದ್ದರು. ಪಕ್ಕದಲ್ಲಿ ಕಾಯಿಸಿದ ನೀರಿನ ಬಾಟಲಿ, ತೊಡೆಯ ಮೇಲೆ ಚುರುಮುರಿಯ ಪೊಟ್ಟಣ. ಸುತ್ತ ನಾಲ್ಕೂ ಕಡೆ ಹಳದಿ ಹೂವು. ನಾವು ಬಂದದ್ದು ಅವರಿಗೆ ಕೇಳಿಸಲಿಲ್ಲ. ಆಹಾ, ಆ ಬೆನ್ನು ನೋಡಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಪ್ಪತ್ತೆರಡು ವರ್ಷದಲ್ಲಿ ಆ ಬೆನ್ನನ್ನು ನಾನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಸರ್ ಹುಡುಗರಿಗೆ ಫೋನು ಹಚ್ಚಿ, ಸಿಕ್ಕರು, ಅಂಚಿನಿಂದ ಹಿಂದೆ ಬನ್ನಿ ಎಂದರು.

ನಾನು ಸುತ್ತಿ ಬಂದು ಅತ್ತೆಯ ಎದುರು ಕೂತೆ. ಅವರು ನನ್ನ ಒದ್ದೆ ಮುಖ ನೋಡಿ, ಚುರುಮುರಿ ಮುಂದೆ ಹಿಡಿದರು.

"ಬಂದ್ಯಾ? ಮಂಜಿನ್ಯಾಗ ಹಿಂದಿನ ಕಲ್ಲು ಕಾಣವಲ್ದಾತು. ನೀ ಬರ್ತಿ ಅಂತ ಗೊತ್ತಿತ್ತು, ಸುಮ್ಮನ ಕುಂತೆ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹೇಳದೆ ಕೇಳದೆ ಯಾಕೆ ಬಂದಿರಿ, ನಮ್ಮ ಗತಿ ಏನಾಗಬೇಕಿತ್ತು ಎಂದು ಒದರಿದೆ. ನಾನೆಲ್ಲಿ ಹೇಳದೆ ಬಂದೆ, ಕಡಿಗಿ ಹೋಗಿ ಕುಂಡ್ರು ಅಂತ ನೀನೇ ಹೇಳಿದೆಯಲ್ಲ ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದು ನನಗೆ ಇನ್ನೂ ಚುಚ್ಚಿತು.

ನಿಮಗೆ ಕಿವಿ ಕೇಳುತ್ತದೆಯೇ ಎಂದು ಕೇಳಿದೆ. ಈ ಸಲ ಒದರಲಿಲ್ಲ.

"ಕಿವಿ ಎಲ್ಲಿ ಕೇಳಸ್ತೈತಿ, ನೂತನ? ತುಟಿ ಕಾಣಸ್ತಾವಲ್ಲ. ಮಗ್ಗದಾಗ ನಾವು ಹೆಂಗಸರೆಲ್ಲ ಹಂಗ ಮಾತಾಡ್ತಿದ್ವಿ."

ಹಿಂದಿನಿಂದ ಮನಾಲಿ ನಕ್ಕಳು. ಅಜ್ಜಿ ಮೊಮ್ಮಗಳು ಊಟಕ್ಕೆ ಕೂತಾಗ ಬಾಯಿ ಆಡಿಸಿ ಆಡಿಸಿ ನಗುವುದನ್ನು ನಾನು ದಿನವೂ ನೋಡುತ್ತಿದ್ದೆ, ಚೇಷ್ಟೆ ಎಂದುಕೊಂಡಿದ್ದೆ. ಕೆಳಗೆ ಮಗ್ಗದ ಹೆಂಗಸರು ಮಗ್ಗದ ಸಾಲಿನ ಆ ತುದಿ ಈ ತುದಿಗೆ ನಿಂತು ದನಿಯಿಲ್ಲದೆ ಹರಟೆ ಹೊಡೆಯುವುದನ್ನೂ ನೋಡಿದ್ದೆ. ಮೇಲಿನ ಮನೆಯಲ್ಲಿ ನನ್ನೆದುರು ಕೂತವರೂ ಅದೇ ಮಗ್ಗದವರು ಎಂದು ನನ್ನ ಮಂದ ತಲೆಗೆ ಹೊಳೆದಿರಲಿಲ್ಲ. ಜೋರಾಗಿ ಒದರಿದಾಗ ನನ್ನ ಬಾಯಿ ಸೊಟ್ಟಗಾಗಿ ಅವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲವಂತೆ. ಗೊಣಗಿದಾಗ ಒಂದೊಂದು ಅಕ್ಷರವೂ ಸ್ಪಷ್ಟವಂತೆ. ಅದಕ್ಕೇ ಅವರು ನನ್ನ ಮುಖ ನೋಡುತ್ತ ಕೂರುತ್ತಿದ್ದದ್ದು. ಇಪ್ಪತ್ತೆರಡು ವರ್ಷ! ಸಾರಿಗೆ ಉಪ್ಪು ಹಾಕುತ್ತ ಆಡಿದ ಒಂದೊಂದು ಮಾತೂ ನೆನಪಾಗಿ, ಈ ಬಂಡೆ ಬಾಯ್ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಷ್ಟೆಲ್ಲ ತಿಳಿದೂ ಒಂದು ಮಾತು ಆಡದೆ ಹೇಗೆ ಇದ್ದಿರಿ ಎಂದೆ. ಗೊಣಗಿದ ಮೇಲೆ ನೀನು ನನ್ನ ತಾಟಿಗೆ ತುಪ್ಪ ಹಾಕುವುದನ್ನು ಯಾವತ್ತೂ ಮರೆಯಲಿಲ್ಲ, ಆಮೇಲೆ ನಾನೇಕೆ ಮಾತಾಡಲಿ ಎಂದರು. ಇವತ್ತು ಮಾತ್ರ ಸ್ವಲ್ಪ ಬೇಜಾರಾಯಿತು, ಅಷ್ಟೂ ಜನರ ಮುಂದೆ ಮುದುಕಿ ಅಂದೆ ಎಂದೂ ಸೇರಿಸಿದರು.

ನಾವು ಮಾತಾಡುತ್ತಿರುವಾಗಲೇ ಮಂಜು ಹರಿಯಿತು. ಬಯಲು ಮೊದಲಿನಂತೆ ಬಿಸಿಲಿಗೆ ಬಂತು. ಬಂಡೆಯಿಂದ ಅಂಚಿಗೆ ನಾಲ್ಕು ನೂರು ಹೆಜ್ಜೆಯಾದರೂ ಇತ್ತು, ನಡುವೆಲ್ಲ ಹೂವು. ಆ ಹೂವು ದಾಟಿ ಅತ್ತೆ ಪ್ರಪಾತಕ್ಕೆ ಹೋಗುವುದು ಈ ಚಾತುರ್ಮಾಸದಲ್ಲಂತೂ ಆಗುವ ಮಾತಲ್ಲ. ಆ ನೇಮವನ್ನು ನಾನು ಎಷ್ಟು ಬೈದಿದ್ದೆನೋ ಅಷ್ಟೇ ಸಲ ಅದಕ್ಕೆ ಕೈಮುಗಿದೆ. ಅವರ ಕೈ ಹಿಡಿದು, ಕಲ್ಲಿನಿಂದ ಕಲ್ಲಿಗೆ, ಬಂದ ಹಾದಿಯಲ್ಲೇ ವಾಪಸ್ಸು ಹೊರಟೆ. ನಡುವೆ ಚಪ್ಪಲಿ ತೊಡಿಸಿದೆ.

ಕಾಲುದಾರಿಯಲ್ಲಿ ಎಲ್ಲರೂ ಕಾಯುತ್ತಿದ್ದರು. ಎಮ್ಮೆಯವಳೂ ಹೋಗಿರಲಿಲ್ಲ, ಆಜಿ ಬದುಕಿದ್ದಾಳೋ ಎಂದು ನೋಡಲು ನಿಂತಿದ್ದಳು. ಅಷ್ಟು ಜನರ ನಡುವೆ ಹೇಳಲು ನನಗೆ ನಾಚಿಕೆಯಾಯಿತು. ಅತ್ತೆಯ ಎದುರು ನಿಂತು, ದನಿ ಹೊರಡಿಸದೆ, ಬರೀ ತುಟಿಯಲ್ಲಿ ಹೇಳಿದೆ, ತಪ್ಪಾತ್ರಿ ಅತ್ತಿ.

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣಿನಂಚು ನಗುತ್ತಿತ್ತು. ಆಮೇಲೆ ಸೆರಗು ಸರಿಸಿ, ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು.

"ಜೋರಾಗಿ ಹೇಳವ್ವ. ನನಗ ಕಿವಿ ಕೇಳಂಗಿಲ್ಲ."

ಹೇಳಿದೆ. ಹದಿನಾರು ಮಗ್ಗದ ಮೇಲೆ ಕೇಳಿಸುವಷ್ಟು ಜೋರಾಗಿ ಹೇಳಿದೆ. ಹದಿನಾರು ಜನವೂ, ಎಮ್ಮೆಯವಳೂ, ಅವಳ ಎಮ್ಮೆಗಳೂ ತಿರುಗಿ ನೋಡಿದವು. ಅತ್ತೆ ತಲೆಯಾಡಿಸಿ, ಈಗ ಕೇಳಿಸಿತು ಎಂದು, ನನ್ನ ಕೈಯನ್ನು ಬಿಡದೆ ಮುಂದಿನ ಕಲ್ಲಿಗೆ ಕಾಲಿಟ್ಟರು.